ಮರೆಮಾಡದೆ ಕಾಯುವ ಲೇಪ

ಕಾರಿನ ಲೋಹದ ಭಾಗಗಳ ಮೇಲೆ ಹೊಡೆಯುವ ಬಣ್ಣವಿಲ್ಲದ ಲೇಪಕ್ಕೆ ಗ್ಯಾರೇಜುಗಳಲ್ಲಿ ಕ್ಲಿಯರ್ ಕೋಟ್ ಎನ್ನುತ್ತಾರೆ. ಪಾಲಿಶ್ ಮಾಡಿದ ಅಲಾಯ್ ವೀಲು, ಹಳೆಯ ಕಾರುಗಳ ಹಿತ್ತಾಳೆಯ ದೀಪದ ಕಟ್ಟು, ಪೇಂಟ್ ಕಾಣದೆ ಉಳಿದ ಉಕ್ಕಿನ ಪಟ್ಟಿ ಇವುಗಳಿಗೆಲ್ಲ ಅದೇ ಕಾವಲು. ಅದರ ಮೇಲೆ ಎರಡು ಹೊಣೆಗಳಿವೆ. ನೀರು, ಗಾಳಿ, ಉಪ್ಪು ಲೋಹಕ್ಕೆ ತಗಲದಂತೆ ನೋಡಿಕೊಳ್ಳಬೇಕು. ತಾನು ಅಲ್ಲಿರುವುದು ಯಾರ ಕಣ್ಣಿಗೂ ಬೀಳಬಾರದು. ಮಾಮೂಲಿ ಪೇಂಟಿಗೆ ಇರುವುದು ಮೊದಲನೆಯ ಹೊಣೆ ಮಾತ್ರ. ಎರಡನೆಯದು ಸೇರಿದ ಕೂಡಲೇ ಲೇಪದ ಆಯ್ಕೆ ಹಳೆಯದೊಂದು ತಾತ್ವಿಕ ಪ್ರಶ್ನೆಯ ಅಂಗಳಕ್ಕೆ ಬಂದು ನಿಲ್ಲುತ್ತದೆ: ಒಂದು ವಸ್ತುವನ್ನು ಅದರ ತೋರಿಕೆಗೆ ಅಡ್ಡ ಬಾರದೆ ಕಾಯಲು ಸಾಧ್ಯವೇ?

ಸಾಧ್ಯ, ಆದರೆ ಬಲವನ್ನು ಬಿಟ್ಟುಕೊಟ್ಟು. ಪೇಂಟಿನಲ್ಲಿರುವ ಬಣ್ಣದ ಪುಡಿ ಬರೀ ಅಂದಕ್ಕೆ ಸೇರಿಸಿದ್ದಲ್ಲ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದು ಲೇಪ ಬೇಗ ಸಾಯದಂತೆ ಅದು ನೋಡಿಕೊಳ್ಳುತ್ತದೆ. ಪ್ರೈಮರಿನೊಳಗಿನ ಸತುವಿನ ಫಾಸ್ಫೇಟಿನಂಥ ಪುಡಿಗಳಂತೂ ತುಕ್ಕನ್ನು ನೇರವಾಗಿಯೇ ಎದುರಿಸುತ್ತವೆ. ಕ್ಲಿಯರ್ ಈ ಎರಡೂ ಆಯುಧಗಳನ್ನು ಕೆಳಗಿಟ್ಟು ಕಾವಲಿಗೆ ನಿಲ್ಲಬೇಕು. ಬಿಸಿಲನ್ನು ತಾಳಲು ಕಣ್ಣಿಗೆ ಕಾಣದ ರಾಸಾಯನಿಕಗಳನ್ನು ಅದಕ್ಕೆ ಬೇರೆಯಾಗಿ ಬೆರೆಸಬೇಕು. ಕಾರ್ಖಾನೆಯಲ್ಲಿ ಕಾರಿನ ಮೈಗೆ ಹೊಡೆಯುವ ಕ್ಲಿಯರ್ ಸುಮಾರು 40ರಿಂದ 50 ಮೈಕ್ರಾನ್ ದಪ್ಪವಿದ್ದು, ಅದರಡಿಯಲ್ಲಿ ಬಣ್ಣ, ಪ್ರೈಮರ್, ಫಾಸ್ಫೇಟ್ ಪದರಗಳು ಇರುತ್ತವೆ. ಅದನ್ನೇ ಬೋಳು ಲೋಹದ ಮೇಲೆ ಹೊಡೆದರೆ ಈ ಬೆಂಬಲ ಯಾವುದೂ ಇಲ್ಲ. ಇಂಥ ಯಾವ ಲೇಪವೂ ನೀರಾವಿಯನ್ನಾಗಲಿ ಆಮ್ಲಜನಕವನ್ನಾಗಲಿ ಪೂರ್ತಿಯಾಗಿ ತಡೆಯುವುದಿಲ್ಲ. ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು, ನಡುವೆ ನೀರು ಕೂಡಿಕೊಳ್ಳಲು ಜಾಗ ಬಿಡದಿರುವುದೇ ಅದರ ಮುಖ್ಯ ಬಲ. ಆ ಹಿಡಿತಕ್ಕೂ ಹೊಳಪಿಗೂ ಹೊಂದುವುದಿಲ್ಲ. ಮುಖ ಕಾಣುವಷ್ಟು ಉಜ್ಜಿದ ಮೈಗೆ ಲೇಪ ಸರಿಯಾಗಿ ಕಚ್ಚುವುದಿಲ್ಲ. ಕಚ್ಚಲಿ ಎಂದು ಉಪ್ಪುಕಾಗದ ತಿಕ್ಕಿದರೆ ಯಾವುದನ್ನು ಉಳಿಸಲು ಹೊರಟಿದ್ದೋ ಆ ಹೊಳಪೇ ಹೋಗುತ್ತದೆ.

ಲೋಹ ಕೆಡುವುದು ಏಕೆ ಎಂಬುದಕ್ಕೆ ಧರ್ಮಗ್ರಂಥಗಳಲ್ಲಿ ಎರಡು ಬಗೆಯ ಉತ್ತರ ಸಿಗುತ್ತದೆ. ಧಮ್ಮಪದದ 240ನೆಯ ಗಾಥೆಯ ಪ್ರಕಾರ ತುಕ್ಕು ಕಬ್ಬಿಣದೊಳಗಿನಿಂದಲೇ ಹುಟ್ಟಿ ಕಬ್ಬಿಣವನ್ನೇ ತಿನ್ನುತ್ತದೆ. ಮನುಷ್ಯನನ್ನು ಅವನ ಸ್ವಂತ ಕೃತ್ಯಗಳು ದುರ್ಗತಿಗೆ ಎಳೆಯುವುದಕ್ಕೆ ಅಲ್ಲಿ ಅದು ದೃಷ್ಟಾಂತ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ತುಕ್ಕಿಗೆ ಸಿಕ್ಕಿರುವ ಜಾಗ ನುಸಿ ಮತ್ತು ಕಳ್ಳರ ಪಕ್ಕದಲ್ಲಿ, ಹೊರಗಿನಿಂದ ಬರುವ ಶತ್ರುಗಳ ಸಾಲಿನಲ್ಲಿ. ಲೇಪ ತಯಾರಿಸುವವರೆಲ್ಲ ತಿಳಿದೋ ತಿಳಿಯದೆಯೋ ಎರಡನೆಯ ಪಕ್ಷದವರು, ಏಕೆಂದರೆ ಲೇಪ ಹೊರಗಿನದನ್ನು ಮಾತ್ರ ತಡೆಯಬಲ್ಲದು. ರಸಾಯನಶಾಸ್ತ್ರ ಇಬ್ಬರಿಗೂ ಅರ್ಧರ್ಧ ಸಮ್ಮತಿ ಕೊಡುತ್ತದೆ. ನೀರು ಮತ್ತು ಆಮ್ಲಜನಕ ಇಲ್ಲದೆ ತುಕ್ಕು ಹಿಡಿಯದು ಎಂಬುದು ನಿಜ. ಅವು ಬಂದು ಮುಟ್ಟಿದ ಕೂಡಲೇ ಅವುಗಳ ಜೊತೆ ಹೊರಡಲು ಕಬ್ಬಿಣ ಸಿದ್ಧವಾಗಿಯೇ ಕೂತಿರುತ್ತದೆ ಎಂಬುದೂ ಅಷ್ಟೇ ನಿಜ. ಸಂಡೂರಿನ ಕೆಂಪು ಅದಿರು ಎಂದರೆ ಕಬ್ಬಿಣ ಮತ್ತು ಆಮ್ಲಜನಕ ಕೂಡಿದ ಆಕ್ಸೈಡು. ತೋರಣಗಲ್ಲಿನ ಕುಲುಮೆಗಳಲ್ಲಿ ಅಪಾರ ಶಾಖ ಕೊಟ್ಟು ಆ ಜೋಡಿಯನ್ನು ಬಿಡಿಸುತ್ತಾರೆ. ತುಕ್ಕೂ ಬಹುಪಾಲು ನೀರು ಸೇರಿದ ಆಕ್ಸೈಡೇ. ಈ ದೃಷ್ಟಿಯಿಂದ ಕಾರಿನ ಬಾಗಿಲಿನಡಿ ಕಾಣಿಸಿಕೊಳ್ಳುವ ಕೆಂಪು ಕಲೆ ನಾಶವೆನ್ನುವುದಕ್ಕಿಂತ ತವರಿಗೆ ಮರಳುವ ಪ್ರಯಾಣ. ಲೇಪ ಆ ಪ್ರಯಾಣವನ್ನು ಮುಂದೂಡುತ್ತದೆ.

ಹಾಗಿದ್ದರೆ ಲೇಪ ಕಾಯುವುದು ಯಾವುದನ್ನು? ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ಮಗ ಶ್ವೇತಕೇತುವಿಗೆ ಮೂರು ದೃಷ್ಟಾಂತ ಕೊಡುತ್ತಾನೆ. ಮಣ್ಣಿನ ಮುದ್ದೆ ಮತ್ತು ಚಿನ್ನದ ಗಟ್ಟಿಯ ಮಾತು ಪ್ರವಚನಗಳಲ್ಲಿ ಬರುತ್ತಲೇ ಇರುತ್ತದೆ. ಮೂರನೆಯದನ್ನು ನೆನೆಯುವವರು ಕಡಿಮೆ. ಅದು ಕಬ್ಬಿಣದ ಉಗುರು ಕತ್ತರಿ. ಅದೊಂದನ್ನು ತಿಳಿದರೆ ಕಬ್ಬಿಣದಿಂದ ಆದದ್ದೆಲ್ಲ ತಿಳಿದಂತೆ, ಕತ್ತರಿ ಎಂಬ ವಿಕಾರ ಬರೀ ನಾಮಧೇಯ, ಕಬ್ಬಿಣವೇ ಸತ್ಯ ಎಂಬುದು ವಾದ. ಅದರ ಬೆಳಕಿನಲ್ಲಿ ನೋಡಿದರೆ ಕಾರಿನ ಮಾಲೀಕನ ಚಿಂತೆ ವಿಚಿತ್ರವಾಗಿ ಕಾಣುತ್ತದೆ. ತುಕ್ಕು ಹಿಡಿದಾಗ ಕಬ್ಬಿಣದ ಒಂದು ಪರಮಾಣುವೂ ಲೋಕದಿಂದ ಮಾಯವಾಗುವುದಿಲ್ಲ. ಮಾಯವಾಗುವುದು ಬಾನೆಟ್ಟು, ಬಂಪರು, ಬಾಗಿಲು ಎಂಬ ರೂಪ ಮತ್ತು ಆ ರೂಪ ಮಾಡುತ್ತಿದ್ದ ಕೆಲಸ. ಉದ್ದಾಲಕ ಸತ್ಯದ ಪಟ್ಟ ಕೊಡದ ನಾಮರೂಪವನ್ನೇ ಲೇಪ ಕಾಯುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕಾರು ಓಡುವುದು ರೂಪದ ಬಲದಿಂದ. ಅದಿರಿನ ಗುಡ್ಡೆಯ ಮೇಲೆ ಕೂತು ಯಾರೂ ಊರು ತಲುಪಿಲ್ಲ. ಆದರೂ ಈ ವಿವೇಕ ಆಯ್ಕೆಯ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ. ರೂಪದಲ್ಲಿಯೂ ಎರಡು ಪಾಲಿದೆ: ಕೆಲಸಕ್ಕೆ ಬೇಕಾದದ್ದು ಒಂದು, ನೋಟಕ್ಕೆ ಬೇಕಾದದ್ದು ಇನ್ನೊಂದು. ಚಾಸಿಯ ತೊಲೆಯನ್ನು ಕಾಯಬೇಕಾದಲ್ಲಿ ನೋಟದ ಮಾತೇ ಏಳುವುದಿಲ್ಲ. ಅಲ್ಲಿ ಕ್ಲಿಯರ್ ಹೊಡೆಯುವುದು ಶೋಕಿ, ಪ್ರೈಮರೂ ಪೇಂಟೂ ಸರಿಯಾದ ದಾರಿ.

ಹೊದಿಕೆಗಳ ಬಗ್ಗೆ ಭಾರತೀಯ ದರ್ಶನಗಳಲ್ಲಿ ಬಹಳಷ್ಟು ಚರ್ಚೆಯಿದೆ, ಮತ್ತು ಬಹುಪಾಲು ಅದು ಹೊದಿಕೆಯ ವಿರುದ್ಧವೇ. ಈಶಾವಾಸ್ಯ ಉಪನಿಷತ್ತಿನ ಋಷಿ ಸತ್ಯದ ಮುಖವನ್ನು ಮುಚ್ಚಿರುವ ಚಿನ್ನದ ಪಾತ್ರೆಯನ್ನು ಸರಿಸೆಂದು ಸೂರ್ಯದೇವನಾದ ಪೂಷನನ್ನು ಬೇಡುತ್ತಾನೆ. ಮುಚ್ಚಳ ಕಪ್ಪಾಗಿರಬೇಕಿಲ್ಲ, ಝಗಝಗಿಸುತ್ತಲೇ ಮರೆಮಾಡಬಹುದು ಎಂಬ ಸೂಕ್ಷ್ಮ ಅಲ್ಲಿದೆ. ಕಾರಿನ ಕ್ರೋಮ್ ಲೇಪಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಹಳೆಯ ಬಂಪರಿನ ಬೆಳ್ಳಿ ಹೊಳಪು ಬಂಪರಿನದಲ್ಲ. ಒಂದು ಮೈಕ್ರಾನೂ ಇಲ್ಲದ ಕ್ರೋಮಿನದು ಮತ್ತು ಅದರಡಿಯ ನಿಕ್ಕಲ್ಲಿನದು. ಕ್ಲಿಯರ್ ಅಂಥ ಸುಳ್ಳು ಹೇಳುವುದಿಲ್ಲ, ಕನಿಷ್ಠ ಹೊಸದಿರುವಾಗ. ಹಳೆಯದಾದ ಮೇಲೆ ಅದರ ಕಥೆಯೂ ಬದಲಾಗುತ್ತದೆ. ಎಪಾಕ್ಸಿ ಕ್ಲಿಯರ್ ಲೋಹಕ್ಕೆ ಚೆನ್ನಾಗಿಯೇ ಅಂಟುತ್ತದೆ, ಆದರೆ ಬಿಸಿಲಿಗೆ ಹಳದಿಯಾಗುತ್ತದೆ. ನೋಡುವವನಿಗೆ ಹಳದಿಯಾಗಿ ಕಾಣುವುದು ಅಲ್ಯೂಮಿನಿಯಂ. ದಾಸವಾಳದ ಪಕ್ಕದ ಸ್ಫಟಿಕ ಕೆಂಪಾಗಿ ತೋರುವ ವೇದಾಂತದ ಉದಾಹರಣೆಯಲ್ಲಿ ಹೂವನ್ನು ಸರಿಸಿದರೆ ಸಾಕು, ಸ್ಫಟಿಕ ಮೊದಲಿನಂತಾಗುತ್ತದೆ. ಇಲ್ಲಿ ಬಣ್ಣ ಹಚ್ಚುವ ಉಪಾಧಿ ಮೈಗೇ ಅಂಟಿಕೊಂಡಿರುವುದರಿಂದ ಅಷ್ಟು ಸುಲಭಕ್ಕೆ ಬಿಡುಗಡೆಯಿಲ್ಲ.

ಹೊದಿಕೆಯಲ್ಲಿ ಜಾತಿಗಳಿವೆ ಎಂಬುದನ್ನು ಸ್ಪಷ್ಟವಾಗಿ ಗುರುತಿಸಿದ್ದು ಭಗವದ್ಗೀತೆಯ ಮೂರನೆಯ ಅಧ್ಯಾಯದ 38ನೆಯ ಶ್ಲೋಕ. ಕಾಮ ಜ್ಞಾನವನ್ನು ಮುಚ್ಚುವ ಬಗೆಗೆ ಅಲ್ಲಿ ಮೂರು ಹೋಲಿಕೆಗಳು ಬರುತ್ತವೆ: ಬೆಂಕಿಯನ್ನು ಮುಚ್ಚುವ ಹೊಗೆ, ಕನ್ನಡಿಯನ್ನು ಮುಚ್ಚುವ ಕೊಳೆ, ಗರ್ಭವನ್ನು ಮುಚ್ಚುವ ಕೋಶ. ಪ್ರಾಚೀನ ಕಾಲದ ಕನ್ನಡಿ ಗಾಜಿನದಲ್ಲ, ಉಜ್ಜಿ ಹೊಳೆಯಿಸಿದ ಲೋಹದ್ದು. ಕೇರಳದ ಆರನ್ಮುಳದಲ್ಲಿ ಈಗಲೂ ಅಂಥ ಕನ್ನಡಿ ಎರಕ ಹೊಯ್ಯುತ್ತಾರೆ. ಎರಡನೆಯ ಹೋಲಿಕೆ ಹೀಗೆ ಲೋಹದ ಕಿಲುಬಿಗೆ ತೀರ ಹತ್ತಿರದ್ದು, ಹೃದಯದ ಕನ್ನಡಿಯನ್ನು ಉಜ್ಜುತ್ತಿರಬೇಕೆಂಬ ಸೂಫಿಗಳ ಮಾತಿನಂತೆಯೇ. ಆದರೆ ಇಲ್ಲಿ ಹೆಚ್ಚು ಯೋಚನೆಗೆ ಹಚ್ಚುವುದು ಮೂರನೆಯದು. ಹೊಗೆಯಿಂದ ಬೆಂಕಿಗೆ ಲಾಭವಿಲ್ಲ, ಕೊಳೆಯಿಂದ ಕನ್ನಡಿಗೆ ಲಾಭವಿಲ್ಲ. ಗರ್ಭಕೋಶವಾದರೋ ಮುಚ್ಚುವುದರಿಂದಲೇ ಶಿಶುವನ್ನು ಉಳಿಸುತ್ತದೆ, ಹೊತ್ತು ಮೀರಿ ಉಳಿದರೆ ಅದೇ ಕೊಲ್ಲುತ್ತದೆ. ಮಧ್ವಾಚಾರ್ಯರು ತಮ್ಮ ಗೀತಾಭಾಷ್ಯದಲ್ಲಿ ಈ ಮೂರನ್ನೂ ಒಂದೇ ಅರ್ಥದ ಪುನರುಕ್ತಿ ಎಂದು ಬಿಡದೆ ಬೇರೆ ಬೇರೆ ವಸ್ತುಗಳಿಗೆ ಹಂಚುತ್ತಾರೆ: ಹೊಗೆಯ ಮಾತು ಪರಮಾತ್ಮನಿಗೆ, ಕನ್ನಡಿಯದು ಅಂತಃಕರಣಕ್ಕೆ, ಗರ್ಭದ್ದು ಜೀವನಿಗೆ. ಕೋಶದೊಳಗೆ ಸಿಕ್ಕಿದ ಗರ್ಭದಂತೆ ಜೀವ ಬದ್ಧ ಎಂಬಲ್ಲಿ ಅವರ ಒತ್ತು ಬೀಳುತ್ತದೆ. ಒಳಗಿನದನ್ನು ಸುತ್ತುವರಿದ ಪದರ ಯಾವ ಹಂತದಲ್ಲಿ ಬಂಧನವಾಗುತ್ತದೆ ಎಂಬ ಪ್ರಶ್ನೆಗೆ ಅಲ್ಲಿಂದ ದಾರಿ ತೆರೆಯುತ್ತದೆ.

ಲೇಪ ಬಂಧನವಾಗುವ ಕ್ಷಣವನ್ನು ಅಲಾಯ್ ವೀಲುಗಳಲ್ಲಿ ಕಣ್ಣಾರೆ ನೋಡಬಹುದು. ಡೈಮಂಡ್ ಕಟ್ ಎಂದು ಮಾರುವ ವೀಲುಗಳ ಮುಖವನ್ನು ಯಂತ್ರದಲ್ಲಿ ಕೆತ್ತಿ, ಬೋಳು ಅಲ್ಯೂಮಿನಿಯಂ ಮೇಲೆ ನೇರವಾಗಿ ಕ್ಲಿಯರ್ ಹೊಡೆದಿರುತ್ತಾರೆ. ಒಂದು ಜಲ್ಲಿಕಲ್ಲು ಸಿಡಿದು ಅಂಚಿನಲ್ಲಿ ಚೂರು ಎದ್ದರೆ ಸಾಕು, ಅಲ್ಲಿಂದ ಉಪ್ಪುನೀರು ನುಸುಳುತ್ತದೆ. ಸ್ವಲ್ಪ ಕಾಲದಲ್ಲಿ ಲೇಪದಡಿ ಹುಳು ಹರಿದಂಥ ಬಿಳಿ ಎಳೆಗಳು ಹೊರಡುತ್ತವೆ. ಪ್ರತಿ ಎಳೆಗೂ ತಲೆ, ಬಾಲ ಎಂಬ ಭಾಗಗಳುಂಟು. ತಲೆಯಲ್ಲಿ ಆಮ್ಲೀಯವಾದ ಉಪ್ಪುನೀರಿನ ಹನಿ ಲೋಹವನ್ನು ಕರಗಿಸುತ್ತ ಮುಂದೆ ಸಾಗುತ್ತದೆ; ಬಾಲದಲ್ಲಿ ಒಣಗಿ ಉಳಿದ ಪುಡಿಯ ಮೂಲಕ ಗಾಳಿ ಒಳಗೆ ಬರುತ್ತಿರುತ್ತದೆ. ಎಳೆಗಳು ಒಂದನ್ನೊಂದು ದಾಟುವುದು ಅಪರೂಪ, ಎದುರಾದರೆ ತಿರುಗಿ ಹೋಗುತ್ತವೆ. ಈ ರೋಗ ಹೀಗೆ ಹರಿಯಬೇಕಾದರೆ ಮೇಲೊಂದು ಲೇಪ ಇರಲೇಬೇಕು. ಬಯಲಿಗೆ ಬಿಟ್ಟ ಅಲ್ಯೂಮಿನಿಯಂ ಮಂಕಾಗುತ್ತದೆ, ಅಲ್ಲಲ್ಲಿ ಗುಳಿ ಬೀಳುತ್ತದೆ, ಆದರೆ ಈ ಹುಳುಗೆರೆ ಅದರ ಮೇಲೆ ಮೂಡುವುದಿಲ್ಲ. ಲೇಪ ಇಲ್ಲಿ ಉಪ್ಪುನೀರಿನ ಹನಿ ಆರಿಹೋಗದಂತೆ ಹೊದಿಸಿ ಸಾಕುತ್ತದೆ. ಕಾವಲುಗಾರ ಕಳ್ಳನಿಗೆ ಮನೆಯೊಳಗೆ ಹಾಸಿಗೆ ಹಾಸಿಕೊಟ್ಟಂತೆ.

ಆದ್ದರಿಂದಲೇ ಲೇಪದ ಆಯ್ಕೆಯಲ್ಲಿ ಅದು ಎಷ್ಟು ಕಾಲ ಬಾಳುತ್ತದೆ ಎಂಬುದರ ಜೊತೆಗೆ ಅದನ್ನು ಹೇಗೆ ತೆಗೆಯುವುದು ಎಂದೂ ಕೇಳಬೇಕು. ಮಾರುವವರು ಮೊದಲನೆಯದಕ್ಕೆ ಉದ್ದನೆಯ ಉತ್ತರ ಕೊಡುತ್ತಾರೆ, ಎರಡನೆಯದಕ್ಕೆ ಮೌನ. ಅಕ್ರಿಲಿಕ್ ಲ್ಯಾಕರ್ ಗಟ್ಟಿಯಾಗುವುದು ಥಿನ್ನರ್ ಆರುವುದರಿಂದ. ಮತ್ತೆ ಥಿನ್ನರ್ ಸೋಕಿಸಿದರೆ ಕರಗಿ ಬರುತ್ತದೆ. ತಾಮ್ರ, ಕಂಚು, ಹಿತ್ತಾಳೆಗೆ ಬಳಸುವ ಇಂಕ್ರಾಲ್ಯಾಕ್ ಈ ಗುಂಪಿನದು. ಅದರಲ್ಲಿ ಬೆಂಜೋಟ್ರಯಜೋಲ್ ಎಂಬ ಕಿಲುಬು ನಿರೋಧಕವೂ ಬೆರೆತಿದ್ದು, ಬಯಲಿನಲ್ಲಿ ನಿಂತ ಕಂಚಿನ ಪ್ರತಿಮೆಗಳಿಗೆ ವಸ್ತುಸಂರಕ್ಷಕರು ಅದನ್ನು ಬಳಸುತ್ತ ಬಂದಿದ್ದಾರೆ. ಎರಡು ಡಬ್ಬಿಗಳನ್ನು ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಕ್ಲಿಯರಿನ ಸ್ವಭಾವ ಬೇರೆ. ಹಾರ್ಡನರ್ ಸೇರಿದ ಮೇಲೆ ಅದರ ಅಣುಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. ಪೆಟ್ರೋಲಿಗೆ ಜಗ್ಗದು, ಥಿನ್ನರಿಗೆ ಕರಗದು. ಕೆಟ್ಟರೆ ಉಜ್ಜಿಯೋ ಕಟುವಾದ ಸ್ಟ್ರಿಪ್ಪರ್ ಹಚ್ಚಿಯೋ ಕಿತ್ತೇ ತೆಗೆಯಬೇಕು. ಪೌಡರ್ ಕೋಟಿಂಗಿನ ಕ್ಲಿಯರ್ ಇನ್ನೂ ಗಟ್ಟಿ, ಆದರೆ ಭಾಗವನ್ನು ಬಿಚ್ಚಿ ಒಲೆಯಲ್ಲಿಟ್ಟು ಸುಮಾರು 160ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು, ಮತ್ತು ಶಾಖದಿಂದಲೇ ಗಟ್ಟಿತನ ಪಡೆದ ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಹೆಚ್ಚು ಹೊತ್ತಿನ ಅಂಥ ಶಾಖ ಒಳ್ಳೆಯದಲ್ಲ.

ವಸ್ತುಸಂರಕ್ಷಣೆಯ ನೀತಿಯಲ್ಲಿ ಮುಂದಿನವರು ಬಿಚ್ಚಲಾಗದಂತೆ ಏನನ್ನೂ ಮಾಡಬಾರದೆಂಬ ತತ್ವಕ್ಕೆ ದೊಡ್ಡ ಮನ್ನಣೆಯಿದೆ. ತನ್ನ ಕೆಲಸವೇ ಕೊನೆಯದು ಎಂದು ಭಾವಿಸದಿರುವ ವಿನಯ ಅದರಲ್ಲಿದೆ. ಅಪರೂಪದ ಹಳೆಯ ಕಾರಿನ ಹಿತ್ತಾಳೆಗೆ ಈ ಕಾರಣಕ್ಕೆ ಲ್ಯಾಕರ್ ಅಥವಾ ಮೇಣ ಸರಿ. ದಿನಾ ಕೆಸರಿನಲ್ಲಿ ಓಡುವ ವೀಲಿಗೆ ಪಾಲಿಯುರೆಥೇನ್ ಸರಿ. ಈ ಲೆಕ್ಕದಲ್ಲಿ ಬಿಟ್ಟುಹೋಗುವ ಇನ್ನೊಂದು ಬಾಬ್ತು ಉಂಟು. ಪಾಲಿಯುರೆಥೇನಿನ ಹಾರ್ಡನರುಗಳಲ್ಲಿರುವ ಐಸೊಸಯನೇಟುಗಳನ್ನು ತಕ್ಕ ಮುಖಗವಚವಿಲ್ಲದೆ ಉಸಿರಾಡಿದವರಿಗೆ ಬಿಡದೆ ಕಾಡುವ ಆಸ್ತಮಾ ಬರಬಹುದು. ಒಮ್ಮೆ ಒಗ್ಗದಂತಾದ ಮೈಗೆ ಆಮೇಲೆ ಅತ್ಯಲ್ಪ ಪ್ರಮಾಣವೂ ಸಾಕು. ವೀಲು ಹೊಳೆಯಲೆಂದು ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಗನ್ ಹಿಡಿದ ಹುಡುಗನ ಶ್ವಾಸಕೋಶ ಸವೆಯುತ್ತದೆ. ಅಹಿಂಸೆಯ ಚರ್ಚೆ ಊಟದ ತಟ್ಟೆಯಲ್ಲೇ ನಿಲ್ಲಬೇಕಾಗಿಲ್ಲ.

ಲೇಪಕ್ಕೆ ಮುಂಚಿನ ಸಿದ್ಧತೆಯ ಬಗ್ಗೆ ಜೈನ ತತ್ವಶಾಸ್ತ್ರ ಹತ್ತಿರದ ಮಾದರಿಯೊಂದನ್ನು ಕೊಡುತ್ತದೆ. ಅದರಲ್ಲಿ ಕರ್ಮವೆಂದರೆ ಜೀವಕ್ಕೆ ಬಂದು ಅಂಟುವ ಸೂಕ್ಷ್ಮ ದ್ರವ್ಯ. ಅದು ಒಳಹರಿಯುವುದು ಆಸ್ರವ, ಹರಿವನ್ನು ತಡೆಯುವುದು ಸಂವರ, ಆಗಲೇ ಅಂಟಿದ್ದನ್ನು ಉದುರಿಸುವುದು ನಿರ್ಜರೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಕೊನೆಯ ಎರಡಕ್ಕೇ ಮೀಸಲು. ಅಲ್ಲಿ ತಡೆ ಮೊದಲು, ಉದುರಿಸುವುದು ಆಮೇಲೆ. ಹೊಸದು ಬರುತ್ತಲೇ ಇದ್ದರೆ ಹಳೆಯದನ್ನು ಕಳೆದು ಪ್ರಯೋಜನವಿಲ್ಲ. ವರ್ಕ್‌ಶಾಪಿನಲ್ಲಿ ಕ್ರಮ ತಿರುಗುಮುರುಗು. ಮೊದಲು ತುಕ್ಕು, ಜಿಡ್ಡು, ಪಾಲಿಶಿನ ಮೇಣ ಎಲ್ಲವನ್ನೂ ತೆಗೆಯಬೇಕು, ಲೇಪ ಆಮೇಲೆ. ಇಲ್ಲದಿದ್ದರೆ ಕೊಳೆಯ ಮೇಲೆಯೇ ಮೊಹರು ಒತ್ತಿದಂತಾಗುತ್ತದೆ; ಬರಿಗೈಯಿಂದ ಮುಟ್ಟಿದ ಬೆರಳಚ್ಚಿನ ಬೆವರೂ ಕೆಲವು ತಿಂಗಳ ಮೇಲೆ ಲೇಪದಡಿಯಿಂದ ಎದ್ದು ಕಾಣುತ್ತದೆ. ಹಾಗೆಂದು ಜೈನರ ಎಚ್ಚರಿಕೆ ಇಲ್ಲಿ ಸುಳ್ಳಾಗುವುದಿಲ್ಲ. ಬೋಳಾದ ಉಕ್ಕಿಗೆ ತೇವದ ಹವೆಯಲ್ಲಿ ಗಂಟೆಗಳೊಳಗೇ ಹೊಸ ತುಕ್ಕು ಕೂರುವುದರಿಂದ ಶುಚಿಗೂ ಲೇಪಕ್ಕೂ ನಡುವೆ ರಾತ್ರಿ ಕಳೆಯಬಾರದು.

ಇನ್ನೊಂದು ವಿಷಯದಲ್ಲಿ ಸೂತ್ರಕಾರ ಪೇಂಟರಿಗಿಂತ ಮುಂದಿದ್ದಾನೆ. ಸಂವರವನ್ನು ಅವನು ಒಂದು ಗೋಡೆಯಾಗಿ ಕಲ್ಪಿಸಿಕೊಂಡಿಲ್ಲ. ಗುಪ್ತಿ, ಸಮಿತಿ, ದಶಧರ್ಮ, ಹನ್ನೆರಡು ಅನುಪ್ರೇಕ್ಷೆ, ಇಪ್ಪತ್ತೆರಡು ಪರೀಷಹಗಳ ಜಯ, ಚಾರಿತ್ರ ಎಂದು ನಿತ್ಯದ ಅಭ್ಯಾಸಗಳಾಗಿ ಬಿಡಿಸಿ ಇಟ್ಟಿದ್ದಾನೆ. ಒಮ್ಮೆ ಹೊಡೆದರೆ ಜನ್ಮಪೂರ್ತಿ ನಿಶ್ಚಿಂತೆ ಎಂಬ ಭರವಸೆ ಅಲ್ಲೆಲ್ಲೂ ಇಲ್ಲ. ಹಿಂದಿನ ಮನೆಗಳಲ್ಲಿ ತಾಮ್ರ, ಹಿತ್ತಾಳೆ ಪಾತ್ರೆಗಳ ಕಲಾಯಿಯನ್ನೂ ಜನ ಹೀಗೆಯೇ ಕಂಡಿದ್ದರು. ಸವೆಯಿತೆಂದರೆ ಕಲಾಯಿಯವನು ಬಂದಾಗ ಮತ್ತೆ ಹಾಕಿಸಬೇಕು, ಅದಕ್ಕೆ ಗೊಣಗಾಟವಿಲ್ಲ. ಮೈಕ್ರೊಕ್ರಿಸ್ಟಲೈನ್ ಮೇಣ ಈ ಮನೋಧರ್ಮಕ್ಕೆ ಸೇರಿದ ಲೇಪ. ಅದು ತೆಳು, ಬೇಗ ಸವೆಯುತ್ತದೆ, ಆದರೆ ಬಟ್ಟೆಯಲ್ಲಿ ಒರೆಸಿ ಹಚ್ಚುವಾಗ ಕೈ ಪ್ರತಿ ಸಲವೂ ಲೋಹದ ಮೇಲೆ ಓಡಾಡಿ ಹೊಸ ಗುಳಿ, ಹೊಸ ಕಲೆಗಳನ್ನು ಪತ್ತೆಮಾಡುತ್ತದೆ. ಗಟ್ಟಿ ಲೇಪ ಹಾಕಿಸಿದವನು ನೋಡುವುದನ್ನೇ ಬಿಡುತ್ತಾನೆ, ಹುಳುಗೆರೆ ಅಂಗೈಯಗಲ ಹರಡುವವರೆಗೂ.

ಲೇಪವೇ ಬೇಡವಾದ ಲೋಹಗಳೂ ಇವೆ. ಉಕ್ಕಿಗೆ ಶೇಕಡ 10.5ಕ್ಕೆ ಕಡಿಮೆಯಿಲ್ಲದಷ್ಟು ಕ್ರೋಮಿಯಂ ಸೇರಿದರೆ ಅದರ ಮೈಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ತಾನಾಗಿ ಕಟ್ಟಿಕೊಳ್ಳುತ್ತದೆ. ಅದೂ ಒಂದು ಪಾರದರ್ಶಕ ಲೇಪವೇ, ಪೇಂಟರನ ಯಾವ ಲೇಪಕ್ಕಿಂತಲೂ ಸಾವಿರಾರು ಪಟ್ಟು ತೆಳು. ಗೀರು ಬಿದ್ದರೆ ಕ್ಲಿಯರ್ ಅಲ್ಲಿಗೆ ಸೋತಂತೆ; ಸ್ಟೇನ್‌ಲೆಸ್ ಉಕ್ಕಿನ ಪದರ ಗೀರಿದ ಜಾಗದಲ್ಲಿ ಗಾಳಿ ತಗಲಿದೊಡನೆ ಮತ್ತೆ ಹುಟ್ಟುತ್ತದೆ. ಉತ್ತರ ಐರ್ಲೆಂಡಿನಲ್ಲಿ 1981ರಿಂದ ಸುಮಾರು ಎರಡು ವರ್ಷ ತಯಾರಾದ ಡಿಲೋರಿಯನ್ ಕಾರಿನ ಹೊರಮೈಯ ಲೋಹದ ಹಾಳೆಗಳು ಇಂಥ ಉಕ್ಕಿನವು, ಬಣ್ಣವಾಗಲಿ ಕ್ಲಿಯರಾಗಲಿ ಇಲ್ಲದವು. ಬೆರಳಚ್ಚು ಎದ್ದು ಕಾಣುವುದು ಅದರ ಮಾಲೀಕರ ಗೋಳು. ದೆಹಲಿಯ ಕುತುಬ್ ಆವರಣದ ಕಬ್ಬಿಣದ ಸ್ತಂಭದಲ್ಲಿ ಕ್ರೋಮಿಯಂ ಇಲ್ಲ. ಹಳೆಯ ಕುಲುಮೆಯ ರೀತಿಯಿಂದ ಉಳಿದುಕೊಂಡ ರಂಜಕ ಅಲ್ಲಿ ಕಾವಲಿನ ಪದರ ಕಟ್ಟಿದೆ ಎಂದು ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣಿಯಂ ವಿವರಿಸಿದರು. ಮಲೆನಾಡಿನ ಜಡಿಮಳೆಯಲ್ಲಿ ಕೊಡಚಾದ್ರಿಯ ಆದಿ ಮೂಕಾಂಬಿಕಾ ಗುಡಿಯ ಬಳಿಯ ಕಬ್ಬಿಣದ ಕಂಬ ಉಳಿದು ಬಂದಿರುವುದೂ ಲೋಹಶಾಸ್ತ್ರಜ್ಞರ ಕುತೂಹಲದ ವಸ್ತು. ಹೊರಗಿನಿಂದ ಹೊದಿಸಿದ ರಕ್ಷಣೆಗೂ ಸ್ವಭಾವದಿಂದ ಒಸರಿದ ರಕ್ಷಣೆಗೂ ಇರುವ ಅಂತರ, ಹೇರಿದ ವ್ರತಕ್ಕೂ ಮೈಗೂಡಿದ ಶೀಲಕ್ಕೂ ಇರುವ ಅಂತರವೇ. ಆದರೂ ಸ್ವಭಾವವನ್ನು ಅತಿಯಾಗಿ ನಂಬಬಾರದು. ಕಡಲಂಚಿನ ಉಪ್ಪುಗಾಳಿಯಲ್ಲಿ ಸ್ಟೇನ್‌ಲೆಸ್ ಉಕ್ಕಿಗೂ ಗುಳಿ ಬೀಳುತ್ತದೆ.

ಲೇಪ ಹಾಕಲೇಬಾರದ ಜಾಗಗಳ ಮಾತು ಬೇಗ ಮುಗಿಯುತ್ತದೆ. ವೀಲು ಹಬ್ಬಿಗೆ ಕೂರುವ ಮುಖದಲ್ಲಿ ದಪ್ಪ ಲೇಪವಿದ್ದರೆ ಅದು ಒತ್ತಡಕ್ಕೆ ಅಮುಕಿ ನಟ್ಟುಗಳು ಸಡಿಲವಾಗಬಹುದು. ಎಕ್ಸಾಸ್ಟ್ ಕೊಳವೆಯ ಶಾಖಕ್ಕೆ ಸಾಮಾನ್ಯ ಕ್ಲಿಯರ್ ಸುಟ್ಟು ಕಂದಾಗುತ್ತದೆ. ಬ್ರೇಕ್ ಡಿಸ್ಕಿನದು ಮಾತ್ರ ಸ್ವಾರಸ್ಯದ ಕಥೆ. ಎರಕದ ಕಬ್ಬಿಣದ ಆ ತಟ್ಟೆ ಒಂದು ಮಳೆಯ ರಾತ್ರಿಗೇ ಕೆಂಪಾಗುತ್ತದೆ, ಬೆಳಗ್ಗೆ ನಾಲ್ಕು ಸಲ ಬ್ರೇಕ್ ಒತ್ತಿದರೆ ಮತ್ತೆ ಬೆಳ್ಳಗಾಗುತ್ತದೆ. ಉಜ್ಜಾಟವೇ ಅದರ ಕೆಲಸ, ಉಜ್ಜಾಟವೇ ಅದರ ರಕ್ಷೆ; ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಡಿಸ್ಕು ಓಡಾಡುವ ಕಾರಿನದಕ್ಕಿಂತ ಬೇಗ ಹಾಳಾಗುತ್ತದೆ. ಆವರಣದ ಮೂರು ಹೋಲಿಕೆಗಳು ಬಂದ ಗೀತೆಯ ಆ ಅಧ್ಯಾಯದ ಹೆಸರೇ ಕರ್ಮಯೋಗ ಎಂಬುದು ಇಲ್ಲಿ ನೆನಪಿಗೆ ಬಂದರೆ ತಪ್ಪಿಲ್ಲ.

ಕೊನೆಯದಾಗಿ, ತುಕ್ಕನ್ನೇ ಕಾಯಬೇಕೆನ್ನುವವರ ಪಕ್ಷ. ಹಳೆಯ ಕಾರುಗಳ ಲೋಕದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ದಶಕಗಳ ಬಿಸಿಲು ಮಳೆಯಲ್ಲಿ ಮಾಸಿದ ಮೈಯನ್ನು ಹಾಗೆಯೇ ಇಟ್ಟುಕೊಂಡು ಅದರ ಮೇಲೆ ಕ್ಲಿಯರ್ ಹೊಡೆಸುವವರಿದ್ದಾರೆ. ಹೊಸ ಬಣ್ಣ ವಯಸ್ಸನ್ನು ಅಳಿಸುತ್ತದೆ, ಮಾಸಿದ ಮೈ ಕಾರಿನ ನಿಜವಾದ ಚರಿತ್ರೆ ಎಂಬುದು ಅವರ ವಾದ, ಮತ್ತು ಅದನ್ನು ತಳ್ಳಿಹಾಕುವುದು ಸುಲಭವಲ್ಲ. ತೊಡಕು ಲೇಪ ಹೊಡೆದ ಮೇಲೆ ಶುರುವಾಗುತ್ತದೆ. ಅನಿತ್ಯತೆಯ ಗುರುತೆಂದು ಮೆಚ್ಚಿದ್ದನ್ನು ಇನ್ನು ಮುಂದೆ ಬದಲಾಗಬೇಡವೆಂದು ಆಜ್ಞಾಪಿಸುವುದರಲ್ಲಿ ವಿರೋಧವಿದೆ. ಎಲ್ಲ ಸಂಸ್ಕಾರಗಳೂ ಅನಿತ್ಯ ಎನ್ನುವ ಬೌದ್ಧನಿಗೆ ಅದು ತೃಷ್ಣೆಯ ಇನ್ನೊಂದು ವೇಷವಾಗಿ ಕಂಡೀತು. ಲೋಹವೂ ಆ ಆಜ್ಞೆಯನ್ನು ಪಾಲಿಸುವುದಿಲ್ಲ. ತುಕ್ಕು ರಂಧ್ರಮಯ, ತೇವವನ್ನೂ ಉಪ್ಪನ್ನೂ ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಕ್ಲಿಯರ್ ಅಂಟಿಕೊಳ್ಳುವುದು ಕಬ್ಬಿಣಕ್ಕಲ್ಲ, ಸಡಿಲವಾದ ಆ ಪುಡಿಗೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದ ಉಬ್ಬಿ ಲೇಪವನ್ನು ಹಪ್ಪಳದ ಚೂರುಗಳಾಗಿ ಎಬ್ಬಿಸುತ್ತದೆ. ಅಂಥ ಮೈಗೆ ಸಡಿಲ ಪುಡಿಯನ್ನು ಕೆರೆದು, ಬೆಚ್ಚಗೆ ಒಣಗಿಸಿ, ಕುದಿಸಿದ ಅಗಸೆ ಎಣ್ಣೆಯನ್ನೋ ಮೇಣವನ್ನೋ ತೆಳುವಾಗಿ ಒರೆಸುವುದು ಹೆಚ್ಚು ಕಾಲ ನಿಲ್ಲುವ ದಾರಿ. ಎಣ್ಣೆ ಹಚ್ಚಿದ ತುಕ್ಕು ಸ್ವಲ್ಪ ಕಪ್ಪಾಗುತ್ತದೆ, ಮತ್ತು ಪ್ರತಿ ಮಳೆಗಾಲಕ್ಕೆ ಮುಂಚೆ ಕೆಲಸವನ್ನು ಮೊದಲಿನಿಂದ ಮಾಡಬೇಕಾಗುತ್ತದೆ.